ದುಡ್ಡು ಕೊಟ್ಟು ಆಡುವವರಿಗೆ ಆನ್‌ಲೈನ್‌ನಲ್ಲಿ ಡಿ ಅಂಡ್ ಡಿ ಆಡಿಸುವುದು ಹೇಗೆ

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ (ಡಿ ಅಂಡ್ ಡಿ) ಎಂದರೆ ಗೇಮ್ ಮಾಸ್ಟರ್ ಒಬ್ಬ ಕಥೆ ನಡೆಸುತ್ತ, ಉಳಿದವರು ಒಂದೊಂದು ಪಾತ್ರವಾಗಿ ಮಾತಾಡಿ, ದಾಳ ಉರುಳಿಸಿ ಆಡುವ ಆಟ. ಇಂಥ ಆಟಗಳನ್ನು ಬಿಟ್ಟಿಯಾಗಿ ಆಡಿಸುವವರು ಮಾತು, ಮೆಸೇಜಿನ ಆ್ಯಪ್ ಆದ ಡಿಸ್ಕಾರ್ಡ್ ತುಂಬ ಇದ್ದಾರೆ. ಆದರೂ ಜನ ಸೀಟಿಗೆ ಹದಿನೈದಿಪ್ಪತ್ತು ಡಾಲರ್ ಕೊಟ್ಟು ಗುರುತಿಲ್ಲದ ಗೇಮ್ ಮಾಸ್ಟರ್ ಹತ್ತಿರ ಆಡುತ್ತಾರೆ. ಏಕೆಂದರೆ ಎಷ್ಟೋ ಬಿಟ್ಟಿ ಆಟಗಳು ಕೆಲವೇ ವಾರಗಳಲ್ಲಿ ನಿಂತುಹೋಗುತ್ತವೆ. ಅವರು ಕೊಳ್ಳುತ್ತಿರುವುದು ಹೇಳಿದ ದಿನ, ಹೇಳಿದ ಹೊತ್ತಿಗೆ ಶುರುವಾಗುವ ಆಟವನ್ನು. ಪಾತ್ರಕ್ಕೊಂದು ದನಿ, ಅಂದದ ನಕ್ಷೆ, ಹಿನ್ನೆಲೆ ಸಂಗೀತ ಎಲ್ಲ ಆಮೇಲಿನ ಮಾತು.

ಸೀಟು ಮತ್ತು ದರ

ಐದು ಸೀಟು ಇಡಿ, ಮೂವರು ಬಂದರೂ ಆಟ ನಡೆಯುತ್ತದೆ ಎಂದು ಮೊದಲೇ ಬರೆದುಬಿಡಿ. ಆರು ಸೀಟು ಇಟ್ಟರೆ ಹಣ ಹೆಚ್ಚು ಬರುತ್ತದೆ, ಆಟ ಹಾಳಾಗುತ್ತದೆ. ಕಾಳಗದಲ್ಲಿ ಒಬ್ಬೊಬ್ಬರಿಗೆ ಎರಡು ನಿಮಿಷ, ನಿಮ್ಮ ರಾಕ್ಷಸರಿಗೆ ಮೂರು ನಿಮಿಷ ಎಂದಿಟ್ಟುಕೊಳ್ಳಿ. ಆರು ಜನರಿದ್ದರೆ ಒಂದು ಸುತ್ತಿಗೆ 15 ನಿಮಿಷ, ನಾಲ್ಕು ಸುತ್ತಿನ ಜಗಳಕ್ಕೆ ಒಂದು ಗಂಟೆ. ಅಷ್ಟರಲ್ಲಿ ಒಬ್ಬ ಆಟಗಾರ ಬಾಯಿ ಬಿಡುವುದು ಎಂಟೇ ನಿಮಿಷ. ಉಳಿದ ಹೊತ್ತು ಅವನು ಇನ್ನೊಂದು ಟ್ಯಾಬ್‌ನಲ್ಲಿರುತ್ತಾನೆ.

ದರ ಹಾಕುವಾಗ ಆಟದ ಮೂರು ಗಂಟೆಯನ್ನಷ್ಟೇ ಎಣಿಸಬೇಡಿ. ಐದು ಜನ ತಲಾ 15 ಡಾಲರ್ ಕೊಟ್ಟರೆ 75. ಆಟಗಾರರನ್ನು ಹುಡುಕಿಕೊಡುವ ವೇದಿಕೆಯ ಕಮಿಷನ್ ನೂರಕ್ಕೆ 15 ಎಂದುಕೊಂಡರೆ ಉಳಿಯುವುದು 63.75. ಮೂರು ಗಂಟೆ ಆಟ, ಎರಡು ಗಂಟೆ ತಯಾರಿ, ಮೆಸೇಜುಗಳಿಗೆ ಅರ್ಧ ಗಂಟೆ ಸೇರಿಸಿದರೆ ಗಂಟೆಗೆ ಹನ್ನೊಂದೂವರೆ ಡಾಲರ್. ತಯಾರಿ ಐದು ಗಂಟೆಗೆ ಏರಿ ಒಂದು ಸೀಟು ಖಾಲಿ ಬಿದ್ದರೆ ಅದೇ ಆಟ ಗಂಟೆಗೆ ಆರು ಡಾಲರಿಗೆ ಇಳಿಯುತ್ತದೆ. ಒಂದೇ ಸಾಹಸವನ್ನು, ಅಂದರೆ ಒಂದೇ ಕಥೆಯನ್ನು, ವಾರಕ್ಕೆ ಎರಡು ಗುಂಪಿಗೆ ಆಡಿಸಿ. ತಯಾರಿಯ ಹೊತ್ತು ಅರ್ಧವಾಗುತ್ತದೆ, ಎರಡನೆಯ ಗುಂಪಿಗೆ ಆಟ ಇನ್ನೂ ಚೆನ್ನಾಗಿ ಕೂರುತ್ತದೆ.

ಯಾವ ಹೊತ್ತು

ಭಾರತದಿಂದ ಆಡಿಸುವವರು ಮೊದಲು ಗಡಿಯಾರದ ಲೆಕ್ಕ ಮಾಡಬೇಕು. ನ್ಯೂಯಾರ್ಕಿನ ರಾತ್ರಿ ಎಂಟು ಎಂದರೆ ನಮಗೆ ಮರುದಿನ ಬೆಳಗಿನ ಜಾವ 5:30, ಚಳಿಗಾಲದಲ್ಲಿ 6:30. ಲಂಡನ್ನಿನ ಸಂಜೆ ಏಳಕ್ಕೆ ಇಲ್ಲಿ ರಾತ್ರಿ 11:30. ವಾರಗಟ್ಟಲೆ ನಿದ್ದೆಗೆಟ್ಟು ಆಡಿಸುವುದು ಆಗದ ಮಾತು. ನಮಗೆ ಒಗ್ಗುವ ಹೊತ್ತು ಎರಡು: ಕ್ಯಾಲಿಫೋರ್ನಿಯಾದ ಶನಿವಾರ ರಾತ್ರಿ ಎಂಟು, ಅಂದರೆ ನಮ್ಮ ಭಾನುವಾರ ಬೆಳಿಗ್ಗೆ 8:30, ಇಲ್ಲವೇ ಬ್ರಿಟನ್ನಿನ ವಾರಾಂತ್ಯದ ಮಧ್ಯಾಹ್ನ ಎರಡು, ನಮ್ಮ ಸಂಜೆ 6:30. ಇವೆಲ್ಲ ಬೇಸಿಗೆಯ ಲೆಕ್ಕ, ಚಳಿಗಾಲದಲ್ಲಿ ನಮಗೆ ಒಂದು ಗಂಟೆ ತಡ.

ನಮ್ಮಲ್ಲಿ ಗಡಿಯಾರ ಬದಲಾಗುವುದಿಲ್ಲ, ಅವರಲ್ಲಿ ಬದಲಾಗುತ್ತದೆ. ಅಮೆರಿಕದಲ್ಲಿ ಮಾರ್ಚ್‌ನ ಎರಡನೆಯ ಭಾನುವಾರ ಮತ್ತು ನವೆಂಬರ್‌ನ ಮೊದಲ ಭಾನುವಾರ. ಯುರೋಪಿನಲ್ಲಿ ಮಾರ್ಚ್ ಮತ್ತು ಅಕ್ಟೋಬರ್‌ನ ಕೊನೆಯ ಭಾನುವಾರ. ಈ ನಡುವಿನ ವಾರಗಳಲ್ಲಿ ಎರಡೂ ಕಡೆಯವರು ಒಂದೇ ಮೇಜಿನಲ್ಲಿದ್ದರೆ ಯಾರೋ ಒಬ್ಬರು ಗಂಟೆ ತಪ್ಪಿ ಬರುವುದು ಖಂಡಿತ. ಆಟ ಯಾರ ಗಡಿಯಾರಕ್ಕೆ ಕಟ್ಟಿದ್ದು ಎಂಬುದನ್ನು ಜಾಹೀರಾತಿನಲ್ಲೇ ಬರೆಯಿರಿ. ಡಿಸ್ಕಾರ್ಡ್‌ನಲ್ಲಿ ಸಮಯವನ್ನು ಕೈಯಲ್ಲಿ ಟೈಪ್ ಮಾಡುವ ಬದಲು ಟೈಮ್‌ಸ್ಟ್ಯಾಂಪ್ ಹಾಕಿದರೆ ಪ್ರತಿಯೊಬ್ಬರಿಗೂ ಅವರವರ ಊರಿನ ಹೊತ್ತು ಕಾಣುತ್ತದೆ.

ಮೇಜು ಕಟ್ಟುವುದು

ನಕ್ಷೆ, ದಾಳ ಎಲ್ಲವನ್ನೂ ತೆರೆಯ ಮೇಲೆ ತೋರಿಸುವ ಆನ್‌ಲೈನ್ ಮೇಜುಗಳಲ್ಲಿ ರೋಲ್20 ಬ್ರೌಸರಿನಲ್ಲೇ ನಡೆಯುತ್ತದೆ, ಬಿಟ್ಟಿಯಾಗಿ ಶುರುಮಾಡಬಹುದು. ಮೊದಲ ಕೆಲವು ಆಟಗಳಿಗೆ ಅಷ್ಟು ಸಾಕು. ಅಂಥದ್ದೇ ಇನ್ನೊಂದಾದ ಫೌಂಡ್ರಿಗೆ ಒಮ್ಮೆ 50 ಡಾಲರ್ ಕೊಟ್ಟರೆ ಮುಗಿಯಿತು, ಕೊಳ್ಳಬೇಕಾದವರು ಗೇಮ್ ಮಾಸ್ಟರ್ ಮಾತ್ರ, ಆಟಗಾರರಿಗೆ ಬ್ರೌಸರ್ ಇದ್ದರಾಯಿತು. ಆದರೆ ಅದನ್ನು ನಿಮ್ಮ ಕಂಪ್ಯೂಟರಿನಿಂದಲೇ ನಡೆಸಲು ರೂಟರಿನಲ್ಲಿ 30000ನೇ ಪೋರ್ಟ್, ಅಂದರೆ ಹೊರಗಿನವರು ಒಳಬರುವ ದಾರಿ, ತೆರೆಯಬೇಕು. ನಮ್ಮ ಹಲವು ಬ್ರಾಡ್‌ಬ್ಯಾಂಡ್ ಕಂಪನಿಗಳು ಒಂದೇ ಐಪಿ ವಿಳಾಸವನ್ನು ಅನೇಕ ಮನೆಗಳಿಗೆ ಹಂಚುವುದರಿಂದ ಪೋರ್ಟ್ ತೆರೆದರೂ ಹೊರಗಿನವರು ಒಳಗೆ ಬರಲಾರರು. ರೂಟರಿನ ಪುಟದಲ್ಲಿರುವ ಐಪಿಗೂ ಹೊರಗಿನ ಜಾಲತಾಣ ತೋರಿಸುವ ಐಪಿಗೂ ತಾಳೆಯಾಗದಿದ್ದರೆ ನಿಮ್ಮದೂ ಇದೇ ಪಾಡು ಎಂದು ತಿಳಿಯಿರಿ. ಆಗ ಕಂಪನಿಗೆ ಹಣ ಕಟ್ಟಿ ಸ್ಥಿರ ಐಪಿ ಪಡೆಯಿರಿ, ಇಲ್ಲವೇ ಬಾಡಿಗೆ ಸರ್ವರ್ ಹಿಡಿಯಿರಿ.

ನಕ್ಷೆಯಲ್ಲಿ ಒಂದು ಚೌಕಕ್ಕೆ 100 ಪಿಕ್ಸೆಲ್ ಸಾಕು. ಅಗಲಕ್ಕೆ 30, ಎತ್ತರಕ್ಕೆ 20 ಚೌಕದ ಕೋಣೆಗೆ 3000×2000 ಚಿತ್ರವಾಯಿತು. ಪಿಎನ್‌ಜಿ ಬದಲು ವೆಬ್‌ಪಿಯಲ್ಲಿ ಉಳಿಸಿ, ಎರಡು ಎಂಬಿಯೊಳಗೆ ಇಳಿಸಿ. ಭಾರದ ನಕ್ಷೆ ನಿಮ್ಮ ಯಂತ್ರದಲ್ಲಿ ಸಲೀಸಾಗಿ ತೆರೆದುಕೊಂಡು ಆಟಗಾರನ ಹಳೆಯ ಲ್ಯಾಪ್‌ಟಾಪಿನಲ್ಲಿ ಕೂತುಬಿಡುತ್ತದೆ. ಇನ್ನೊಂದು ಸಾಮಾನ್ಯ ಅವಾಂತರವೆಂದರೆ ನಿಮಗೆ ಎಲ್ಲ ಕಾಣುತ್ತದೆ, ಆಟಗಾರರಿಗೆ ಬರೀ ಕಪ್ಪು. ನಕ್ಷೆಯ ಮೇಲೆ ಪಾತ್ರವನ್ನು ತೋರಿಸುವ ಬಿಲ್ಲೆಗೆ, ಅಂದರೆ ಟೋಕನ್‌ಗೆ, ದೃಷ್ಟಿ ಕೊಟ್ಟಿರುವುದಿಲ್ಲ ಅಥವಾ ಅದನ್ನು ಆಟಗಾರನ ಹೆಸರಿಗೆ ಮಾಡಿರುವುದಿಲ್ಲ. ಹಿಂದಿನ ದಿನವೇ ಬೇರೊಂದು ಬ್ರೌಸರಿನಲ್ಲಿ ಆಟಗಾರನಾಗಿ ಲಾಗಿನ್ ಆಗಿ ನೋಡಿಕೊಳ್ಳಿ.

ಮಾತಿಗೆ ಡಿಸ್ಕಾರ್ಡ್. ಎಲ್ಲರೂ ಹೆಡ್‌ಸೆಟ್ ಹಾಕಲೇಬೇಕು, ಸ್ಪೀಕರ್ ಇಟ್ಟುಕೊಂಡವನೊಬ್ಬನಿದ್ದರೆ ಎಲ್ಲರಿಗೂ ತಮ್ಮ ದನಿಯೇ ತಿರುಗಿ ಕೇಳುತ್ತದೆ. ಸಂಗೀತವನ್ನು ಮೈಕಿನ ಮೂಲಕ ಬಿಡಬೇಡಿ, ಡಿಸ್ಕಾರ್ಡ್‌ನ ಸದ್ದು ಅಡಗಿಸುವ ಸೌಲಭ್ಯ ಅದನ್ನು ಕತ್ತರಿಸಿ ಹಾಕುತ್ತದೆ. ರೋಲ್20 ಅಥವಾ ಫೌಂಡ್ರಿಯೊಳಗಿಂದಲೇ ಬಿಟ್ಟರೆ ಪ್ರತಿಯೊಬ್ಬರೂ ಬೇಕಾದಷ್ಟು ತಗ್ಗಿಸಿಕೊಳ್ಳುತ್ತಾರೆ.

ಇನ್ನು ಕರೆಂಟು. ರೂಟರಿಗೊಂದು ಮಿನಿ ಯುಪಿಎಸ್ ಇಡಿ, ಅಡಾಪ್ಟರಿನ ಮೇಲಿರುವ ವೋಲ್ಟೇಜ್ ನೋಡಿಯೇ ಕೊಳ್ಳಿ. ಫೈಬರಿನ ಪೆಟ್ಟಿಗೆ ಬೇರೆ, ರೂಟರ್ ಬೇರೆ ಇದ್ದರೆ ಎರಡಕ್ಕೂ ಬೇಕು. ಫೋನಿನ ಹಾಟ್‌ಸ್ಪಾಟನ್ನು ಲ್ಯಾಪ್‌ಟಾಪಿಗೆ ಮೊದಲೇ ಜೋಡಿಸಿ ನೋಡಿರಿ.

ಆಟಕ್ಕೆ ಮುಂಚಿನ ಕೂಟ

ಇದಕ್ಕೆ ಸೆಷನ್ ಜೀರೋ ಎನ್ನುತ್ತಾರೆ, ಒಂದರಿಂದ ಒಂದೂವರೆ ಗಂಟೆ ಕೊಡಿ. ಇದನ್ನು ಬಿಟ್ಟಿಯಾಗಿ ಮಾಡುವುದು ಒಳ್ಳೆಯದು, ನಿಮ್ಮ ದನಿಗೂ ರೀತಿಗೂ ಒಗ್ಗದವರು ಇಲ್ಲೇ ಬಿಟ್ಟುಹೋಗಲಿ. ಕಥೆಯ ಧಾಟಿ, ಪಾತ್ರ ಸಾಯಬಹುದೇ, ಯಾವ ವಿಷಯ ಮೇಜಿಗೆ ಬರಲೇಬಾರದು, ಯಾವುದು ತೆರೆಮರೆಯಲ್ಲಿ ನಡೆದರೆ ಸಾಕು, ಇಷ್ಟನ್ನು ಬರೆದಿಡಿ. ಬಹಿರಂಗವಾಗಿ ಹೇಳಲು ಮುಜುಗರಪಡುವವರಿಗೆ ಗೂಗಲ್ ಫಾರ್ಮ್ ಕೊಡಿ. ಬೇಡದ ದೃಶ್ಯವನ್ನು ತಡೆಯಲೆಂದು ಜಾನ್ ಸ್ಟಾವ್ರೊಪೊಲಸ್ ರೂಪಿಸಿದ ಎಕ್ಸ್ ಕಾರ್ಡ್ ಆನ್‌ಲೈನ್‌ನಲ್ಲಿ ಇನ್ನೂ ಸುಲಭ: ನಿಮಗೆ ಖಾಸಗಿಯಾಗಿ ಎಕ್ಸ್ ಎಂದು ಕಳಿಸಿದರೆ ದೃಶ್ಯ ಅಲ್ಲಿಗೇ ಬದಲಾಗಬೇಕು, ಕಾರಣ ಕೇಳಬಾರದು. ಮಕ್ಕಳ ಆಟಕ್ಕೂ ದೊಡ್ಡವರ ಆಟಕ್ಕೂ ಬೇರೆ ಬೇರೆ ಮೇಜು. ಮಕ್ಕಳ ವಿಷಯದಲ್ಲಿ ಮಾತುಕತೆ, ಹಣ ಎಲ್ಲ ತಂದೆತಾಯಿಯ ಜೊತೆಗೇ.

ಮೂರು ಗಂಟೆಯ ಹಂಚಿಕೆ

ಮೊದಲ ಹತ್ತು ನಿಮಿಷ ಕುಶಲ, ಹಿಂದಿನ ವಾರದ ಕಥೆ. ಅದನ್ನು ಆಟಗಾರರ ಬಾಯಲ್ಲೇ ಹೇಳಿಸಿ, ಅವರಿಗೆ ಏನು ನೆನಪಿದೆ ಎಂಬುದು ಗೊತ್ತಾಗುತ್ತದೆ. ಎಂಬತ್ತು ನಿಮಿಷ ಆಟ, ಹತ್ತು ನಿಮಿಷ ಬಿಡುವು, ಮತ್ತೆ ಎಪ್ಪತ್ತು ನಿಮಿಷ, ಕೊನೆಯ ಹತ್ತು ನಿಮಿಷ ಮುಂದಿನ ದಿನಾಂಕ ಮತ್ತು ಪಾತ್ರಗಳು ಏರಿದ ಹೊಸ ಲೆವೆಲ್‌ನ ಮಾತು. ದೊಡ್ಡ ಕಾಳಗ ಒಂದೇ ಇರಲಿ. ಗಡಿಯಾರ ನೋಡಿ, ಮುಗಿಯಲು 40 ನಿಮಿಷ ಉಳಿದಿದ್ದರೆ ಹೊಸ ಜಗಳ ತೆಗೆಯಬೇಡಿ.

ತಾಳಮದ್ದಳೆಯಲ್ಲಿ ಪ್ರಸಂಗ ಗೊತ್ತಿದ್ದದ್ದೇ, ಮಾತು ಮಾತ್ರ ಆ ಹೊತ್ತಿಗೆ ಹುಟ್ಟಿದ್ದು. ಒಬ್ಬ ಅರ್ಥಧಾರಿ ಬಿಡದೆ ಮಾತಾಡಿದರೆ ಎದುರಿನವನು ಮಂಕಾಗುತ್ತಾನೆ. ಇಲ್ಲಿಯೂ ಹಾಗೆಯೇ, ಅದೂ ಎಲ್ಲರೂ ಒಂದೇ ದರ ಕೊಟ್ಟಿದ್ದಾರೆ. ಹೆಸರುಗಳ ಚೀಟಿ ಇಟ್ಟುಕೊಂಡು ಯಾರ ಪಾತ್ರಕ್ಕೆ ದೃಶ್ಯ ಸಿಕ್ಕಿತೋ ಗುರುತು ಹಾಕಿ. ಬಿಡುವಿನ ಹೊತ್ತಿಗೆ ಯಾರ ಹೆಸರು ಖಾಲಿಯಿದೆಯೋ ಆಟದ ಎರಡನೆಯ ಭಾಗ ಅವರಿಂದ ಶುರುವಾಗಲಿ.

ಹಣ, ಹಕ್ಕು, ಗೈರುಹಾಜರಿ

ಹಣ ಆಟಕ್ಕೆ ಮೊದಲೇ ಬರಬೇಕು. 24 ಗಂಟೆ ಮುಂಚೆ ಹೇಳಿದರೆ ವಾಪಸ್, ಆಮೇಲೆ ಇಲ್ಲ. ನೀವೇ ರದ್ದು ಮಾಡಿದರೆ ಯಾವಾಗಲೂ ಪೂರ್ತಿ ವಾಪಸ್. ಈ ಸಾಲುಗಳು ಲಿಖಿತವಾಗಿರಲಿ. ಸ್ಟಾರ್ಟ್‌ಪ್ಲೇಯಿಂಗ್‌ನಂಥ ವೇದಿಕೆಗೆ ಸೇರುವ ಮುಂಚೆ ಭಾರತದ ಬ್ಯಾಂಕ್ ಖಾತೆಗೆ ಹಣ ಕಳಿಸುತ್ತಾರೆಯೇ ಎಂದು ನೋಡಿಕೊಳ್ಳಿ. ನೇರವಾಗಿ ವಸೂಲಿ ಮಾಡುವುದಾದರೆ ವಿದೇಶದವರಿಂದ ಪೇಪಾಲ್ ಆಗುತ್ತದೆ. ಭಾರತದೊಳಗಿನ ಪಾವತಿಯನ್ನು ಅವರು 2021ರಲ್ಲೇ ನಿಲ್ಲಿಸಿದ್ದರಿಂದ ಇಲ್ಲಿನವರಿಗೆ ಯುಪಿಐ. ಆಟಕ್ಕೊಂದು ರಸೀದಿ, ಹೊರದೇಶದ ಹಣಕ್ಕೆ ಬ್ಯಾಂಕಿನ ಪತ್ರ ಎರಡನ್ನೂ ಎತ್ತಿಡಿ, ತೆರಿಗೆ ಸಲ್ಲಿಸುವಾಗ ಬೇಕಾಗುತ್ತವೆ.

ಸಾಹಸವನ್ನು ನೀವೇ ಬರೆದು ಮಾರುವ ಯೋಚನೆಯಿದ್ದರೆ ಡಿ ಅಂಡ್ ಡಿಯ ಮೂಲ ನಿಯಮಗಳ ಸಂಗ್ರಹವಾದ ಎಸ್‌ಆರ್‌ಡಿ 5.1 ಜನವರಿ 2023ರಿಂದ ಕ್ರಿಯೇಟಿವ್ ಕಾಮನ್ಸ್ ಎಂಬ ಮುಕ್ತ ಪರವಾನಗಿಯ ಅಡಿ ಇದೆ, ಕೃಪೆ ನಮೂದಿಸಿದರೆ ಸಾಕು. ಅಚ್ಚಾದ ಪುಸ್ತಕಗಳ ಪಿಡಿಎಫ್ ಮಾತ್ರ ಆಟಗಾರರಿಗೆ ಹಂಚಬೇಡಿ. ನಕ್ಷೆಗಳನ್ನು ಬಳಸುವ ಮುಂಚೆ ದುಡ್ಡಿನ ಆಟಕ್ಕೆ ಅನುಮತಿ ಇದೆಯೇ ಎಂದು ಕಲಾವಿದರ ಷರತ್ತು ಓದಿ.

ಯಾರಾದರೂ ಬಿಟ್ಟುಹೋದರೆ ಆ ಸೀಟನ್ನು ಅದೇ ದಿನ ಮತ್ತೆ ಜಾಹೀರಾತಿಗೆ ಹಾಕಿ, ಹೊಸಬರು ಬಂದರೆ ಕಥೆಯ ಸಾರವನ್ನು ಅರ್ಧ ಪುಟದಲ್ಲಿ ಕೊಡಿ. ಇಬ್ಬರು ಒಟ್ಟಿಗೆ ಹೋದರೆ ಕಥೆಯನ್ನು ಎರಡು ವಾರದಲ್ಲಿ ಒಂದು ತಂಗುದಾಣಕ್ಕೆ ತಂದು ನಿಲ್ಲಿಸಿ, ಅಲ್ಲಿಂದ ಹೊಸಬರನ್ನು ಸೇರಿಸಿಕೊಳ್ಳಿ. ದರ ಏರಿಸುವುದಿದ್ದರೆ ಹೊಸ ಗುಂಪಿಗೆ ಏರಿಸಿ; ಹಳಬರಿಗೆ ಆ ಕಥೆ ಮುಗಿಯುವವರೆಗೆ ಹಳೆಯ ದರವೇ.