ಮಕ್ಕಳೊಂದಿಗೆ ನಗರದಲ್ಲಿ 13 ಕಿಲೋಮೀಟರು, ಮೂರು ತಿನಿಸಿನ ನಿಲುಗಡೆ: ನನ್ನ ಅನುಭವ

ಆರು ವರ್ಷದ ಮಗ, ಒಂಬತ್ತು ವರ್ಷದ ಮಗಳು, ಹೆಂಡತಿ ಮತ್ತು ನಾನು ಕಳೆದ ಭಾನುವಾರ ನಗರದೊಳಗೆ ಸುಮಾರು 13 ಕಿಲೋಮೀಟರು ಸೈಕಲ್ ತುಳಿದು, ಯಾರೂ ಅಳದೆ, ಯಾವ ಸೈಕಲನ್ನೂ ತಳ್ಳದೆ ಮನೆಗೆ ಮರಳಿದೆವು. ಚಿಕ್ಕವನನ್ನು ಕಟ್ಟಿಕೊಂಡು ಅಷ್ಟು ದೂರ ಹೊರಟರೆ ಅರ್ಧ ದಾರಿಯಿಂದ ಬಾಡಿಗೆ ವ್ಯಾನಿನಲ್ಲಿ ವಾಪಸು ಬರುತ್ತೀರಿ ಎಂದು ನನ್ನ ಸೈಕಲ್ ಗೆಳೆಯರೆಲ್ಲರೂ ಹೇಳಿದ್ದರು. ಮೊದಲ ಎರಡು ಸಲ ಹಾಗೆಯೇ ಆಯಿತು ಎಂಬುದನ್ನು ಒಪ್ಪಿಕೊಳ್ಳುತ್ತೇನೆ.

ಮೊದಲು ಹಣ ಕಳೆದುಕೊಂಡ ಕಥೆ. ಮಗ ದಣಿದಾಗ ಕೂರಿಸಿಕೊಳ್ಳಬಹುದೆಂದು ನನ್ನ ಸೈಕಲ್‌ನ ಹಿಂದೆ ಕಟ್ಟುವ ಎರಡು ಚಕ್ರದ ಟ್ರೇಲರ್ ಕೊಂಡೆ. ಅದಕ್ಕೆ ಕೊಟ್ಟ ಹಣದಲ್ಲಿ ಇಬ್ಬರು ಮಕ್ಕಳಿಗೂ ಹೊಸ ಸೈಕಲ್ ಬರುತ್ತಿತ್ತು. ಉದ್ಯಾನದ ದಾರಿಗೆ ವಾಹನ ನುಗ್ಗದಂತೆ ನೆಟ್ಟ ಕಂಬಗಳ ನಡುವೆ ಅದು ತೂರಲಿಲ್ಲ. ಮಗನನ್ನು ಇಳಿಸಿ, ಟ್ರೇಲರನ್ನು ಓರೆಯಾಗಿ ಎತ್ತಿ, ಮತ್ತೆ ಕೂರಿಸುವಷ್ಟರಲ್ಲಿ ಹಿಂದೆ ಜನ ಸಾಲುಗಟ್ಟಿದ್ದರು. ಮೂರೇ ಸಲ ಬಳಸಿ ಅರ್ಧಕ್ಕಿಂತ ಕಡಿಮೆ ಬೆಲೆಗೆ ಮಾರಿದೆ. ಆಮೇಲೆ ನನ್ನ ಸೀಟಿನ ಕೆಳಗಿನಿಂದ ಅವನ ಹ್ಯಾಂಡಲ್‌ಗೆ ಎಳೆಯುವ ಹಗ್ಗವೊಂದನ್ನು ಕಟ್ಟಿ ನೋಡಿದೆ. ಏರಿನಲ್ಲಿ ಸೊಗಸಾಗಿತ್ತು, ಆದರೆ ಸಿಗ್ನಲ್‌ನಲ್ಲಿ ನಾನು ಬ್ರೇಕ್ ಹಿಡಿದಾಗ ಅವನ ಮುಂದಿನ ಚಕ್ರ ನನ್ನ ಮಡ್‌ಗಾರ್ಡಿಗೆ ಬಂದು ಗುದ್ದಿದ್ದರಿಂದ ಆ ಹಗ್ಗ ಈಗ ಬಟ್ಟೆ ಒಣಗಿಸಲು ಬಳಕೆಯಾಗುತ್ತಿದೆ.

ಕೊನೆಗೆ ಅವನ ಸೈಕಲ್‌ನ ಲೆಕ್ಕವನ್ನೇ ಹಾಕಿದೆ. 16 ಇಂಚಿನ ಚಕ್ರ ಒಂದು ಸುತ್ತಿಗೆ ಸುಮಾರು 1.2 ಮೀಟರು ಸಾಗುತ್ತದೆ; ಪೆಡಲ್ ಬಳಿಯ ಹಲ್ಲುಚಕ್ರಕ್ಕೆ 28 ಹಲ್ಲು, ಹಿಂದಿನ ಚಕ್ರದಲ್ಲಿ ಚೈನು ಎಳೆಯುವ ಹಲ್ಲುಚಕ್ರಕ್ಕೆ, ಅಂದರೆ ಫ್ರೀವೀಲ್‌ಗೆ, 18 ಹಲ್ಲು ಇರುವುದರಿಂದ 13 ಕಿಲೋಮೀಟರಿಗೆ ಅವನು ಹೆಚ್ಚುಕಡಿಮೆ 7,000 ಸಲ ಪೆಡಲ್ ಸುತ್ತಬೇಕು, ಅದೇ ದೂರಕ್ಕೆ ನಾನು ನನ್ನ ಸೈಕಲ್‌ನ ನಡುವಿನ ಗೇರ್‌ನಲ್ಲಿ 2,600 ಸಲ ಸುತ್ತಿದರೆ ಮುಗಿಯಿತು. ಹಿಂದೆ ಹಲ್ಲು ಕಡಿಮೆಯಾದರೆ ಒಂದು ಸುತ್ತಿಗೆ ಹೆಚ್ಚು ದೂರ ಸಾಗುತ್ತದೆ, ಆದರೆ ತುಳಿಯಲು ಹೆಚ್ಚು ಬಲ ಬೇಕು. ಬುದ್ಧಿವಂತಿಕೆ ತೋರಿಸಲು ಹೋಗಿ 16 ಹಲ್ಲಿನ ಫ್ರೀವೀಲ್ ಹಾಕಿಸಿದೆ. ಸಮತಟ್ಟಿನಲ್ಲಿ ಅವನು ಹಾರಿದ, ಆದರೆ ಚಿಕ್ಕ ಮೇಲ್ಸೇತುವೆಯ ಬುಡದಲ್ಲೇ ಇಳಿದು ನಿಂತುಬಿಟ್ಟ. ಹಳೆಯದನ್ನೇ ಮತ್ತೆ ಹಾಕಿದೆ. ಫಲ ಕೊಟ್ಟದ್ದು ಬಿಡಿಕಾಸಿನ ಖರ್ಚೂ ಇಲ್ಲದ ಕೆಲಸ: ಟೈರಿನಲ್ಲಿ ಕಲ್ಲಿನಂತೆ ತುಂಬಿಸಿದ್ದ ಗಾಳಿಯನ್ನು 30 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಆಸುಪಾಸಿಗೆ ಇಳಿಸಿದೆ. 20 ಕಿಲೋ ತೂಕದ ಹುಡುಗನ ಕೆಳಗೆ ಕುಪ್ಪಳಿಸುತ್ತಿದ್ದ ಚಕ್ರ ನೆಲ ಹಿಡಿಯಿತು, ಅಂಗೈ ನೋಯುತ್ತದೆ ಎಂಬ ದೂರು ನಿಂತಿತು.

ಆದರೂ ನಿಜವಾದ ತಪ್ಪು ಇದ್ದದ್ದು ತಿನಿಸಿನ ಜಾಗದಲ್ಲಿ. ಮೊದಲ ಸಲ ಮೂರನೆಯ ಕಿಲೋಮೀಟರಿನಲ್ಲೇ ಐಸ್‌ಕ್ರೀಂ ಕೊಡಿಸಿದೆ. ಹೊಟ್ಟೆ ಭಾರವಾಗಿ, ಮುಂದೆ ಆಸೆಪಡಲು ಏನೂ ಉಳಿಯದೆ ಮಗ ಕಲ್ಲುಬೆಂಚಿನ ಮೇಲೆ ಮಲಗಿಬಿಟ್ಟ. ಆ ದಿನದ ತಿಂಡಿಯ ಖರ್ಚು ಒಂದು ಒಳ್ಳೆಯ ಟೈರಿನ ಬೆಲೆಯನ್ನು ಮುಟ್ಟಿತ್ತು. ಎರಡನೆಯ ಸಲ ಐಸ್‌ಕ್ರೀಮನ್ನು ಹೋಗಿ ಬರುವ ದಾರಿಯ ತುತ್ತತುದಿಯಲ್ಲಿಟ್ಟೆ. ಹೋಗುವಾಗ ಇದ್ದ ಉತ್ಸಾಹ ಬರುವಾಗ ಇರಲಿಲ್ಲ, ವ್ಯಾನು ಕರೆಯಬೇಕಾಯಿತು. ಮೂರನೆಯ ಸಲ ಬಂದ ದಾರಿಯಲ್ಲೇ ಮರಳದೆ ಸುತ್ತು ಹಾಕಿ ಮನೆ ಸೇರುವ ದಾರಿ ಹಿಡಿದು, ಐಸ್‌ಕ್ರೀಮನ್ನು ಕೊನೆಗೆ ತಂದೆ. ಲೆಕ್ಕ ಸರಿಯಿತ್ತು, ಅಂಗಡಿಯ ಬಾಗಿಲು ಮಾತ್ರ ಮುಚ್ಚಿತ್ತು. ಭಾನುವಾರ ಅವರು ತಡವಾಗಿ ತೆರೆಯುತ್ತಾರೆಂದು ಪಕ್ಕದವರು ಹೇಳಿದರು. ಮಗಳು ಶಟರಿಗೆ ಹೆಲ್ಮೆಟ್ ಆನಿಸಿ ನಿಂತ ದೃಶ್ಯ ಇನ್ನೂ ಕಣ್ಣಿಗೆ ಕಟ್ಟಿದಂತಿದೆ.

ಆದ್ದರಿಂದ ಈಗ ಹೊರಡುವ ಹೊತ್ತನ್ನು ಕೊನೆಯ ಅಂಗಡಿ ತೆರೆಯುವ ಹೊತ್ತಿನಿಂದ ಹಿಂದಕ್ಕೆ ಎಣಿಸಿ ಗೊತ್ತುಮಾಡುತ್ತೇನೆ. ನಮ್ಮ ವೇಗ ಗಂಟೆಗೆ ಸುಮಾರು 8 ಕಿಲೋಮೀಟರು, ಅರ್ಧ ಗಂಟೆ ಕಳೆದೊಡನೆ ಮಗ "ಅಪ್ಪಾ, ಇನ್ನೂ ಎಷ್ಟು ದೂರ?" ಎಂದು ಕೇಳಲು ತೊಡಗುತ್ತಾನೆ. ಆ ಪ್ರಶ್ನೆ ಬಾಯಿಂದ ಹೊರಡುವ ಮೊದಲೇ ಅಂಗಡಿ ಎದುರಿಗಿರಬೇಕು; ದಣಿದ ಮೇಲೆ ತಿನ್ನಿಸಿದರೆ ಅವನು ಮತ್ತೆ ಸೀಟು ಹತ್ತುವುದಿಲ್ಲ. ಹೀಗಾಗಿ ನಿಲುಗಡೆಗಳು ಸರಿಸುಮಾರು 3, 7 ಮತ್ತು 11ನೆಯ ಕಿಲೋಮೀಟರಿಗೆ ಬಂದವು. ಮೊದಲನೆಯದರಲ್ಲಿ ಒಂದೊಂದು ಬಿಸ್ಕತ್ತು, ಎರಡನೆಯದರಲ್ಲಿ ಇಬ್ಬರಿಗೂ ಸೇರಿ ಒಂದು ಲೋಟ ಹಣ್ಣಿನ ರಸ, ಮೂರನೆಯದರಲ್ಲಿ ಐಸ್‌ಕ್ರೀಂ. ಖರ್ಚು ಮೊದಲ ಸಲದ ಮೂರನೆಯ ಒಂದು ಭಾಗಕ್ಕೆ ಇಳಿದಿದೆ. ಐಸ್‌ಕ್ರೀಂ ತಿಂದ ಮೇಲೆ ಉಳಿಯುವ 2 ಕಿಲೋಮೀಟರನ್ನು ಅದರ ಖುಷಿಯೇ ದಾಟಿಸುತ್ತದೆ, ಅದಕ್ಕಿಂತ ಹೆಚ್ಚು ದೂರ ಉಳಿಸಬಾರದು.

ರಸ್ತೆಯಲ್ಲಿ ನಾವು ಒಬ್ಬರ ಹಿಂದೊಬ್ಬರು ಸಾಗುವ ಸಾಲಿನ ಕ್ರಮ ಹೀಗೆ: ಮುಂದೆ ಹೆಂಡತಿ, ನಡುವೆ ಮಕ್ಕಳು, ಕೊನೆಯಲ್ಲಿ ನಾನು, ವಾಹನಗಳು ದಾಟಿ ಹೋಗುವ ಬದಿಗೆ ತುಸು ಸರಿದು. ನಾವು ಮಾಡಿಕೊಂಡ ಒಂದೇ ಬದಲಾವಣೆಯೆಂದರೆ ಮಗನನ್ನು ಮಗಳ ಮುಂದಕ್ಕೆ ತಂದದ್ದು. ಅಕ್ಕ ಮುಂದಿದ್ದರೆ ಅವಳನ್ನು ಹಿಂದೆ ಹಾಕುವ ಹಟದಲ್ಲೇ ಅವನ ಕಾಲಿನ ಕಸುವು ಮುಗಿದುಹೋಗುತ್ತಿತ್ತು. ಮೇಲ್ಸೇತುವೆಯ ಏರಿನಲ್ಲಿ ಅವನಿಗೆ ನಾನು ಏನು ಹೇಳುತ್ತೇನೆ ಎಂಬುದನ್ನು ಮಾತ್ರ ಇಲ್ಲಿ ಬರೆಯಲಾರೆ, ಏಕೆಂದರೆ ಮಗಳಿಗೆ ಓದಲು ಚೆನ್ನಾಗಿ ಬರುತ್ತದೆ.

ಒಟ್ಟು ಎರಡೂ ಮುಕ್ಕಾಲು ಗಂಟೆ ಹಿಡಿಯಿತು, ಅದರಲ್ಲಿ ಒಂದು ಗಂಟೆಗೂ ಮಿಕ್ಕಿ ಅಂಗಡಿಗಳ ಮುಂದೆ ಕಳೆಯಿತು. ವ್ಯಾನಿನ ಮಾತೆತ್ತಿದ್ದ ಗೆಳೆಯರೊಬ್ಬರು ಮರುದಿನವೇ ತಮ್ಮ ಮಕ್ಕಳಿಗಾಗಿ ದಾರಿಯ ನಕ್ಷೆ ಕೇಳಿದರು. ಕಳುಹಿಸಿದ್ದೇನೆ, ಮೂರನೆಯ ಅಂಗಡಿಯ ಗುರುತನ್ನಷ್ಟೇ ಅಳಿಸಿ.