ಗೇಟು ತೆರೆದ ಮೇಲೆ ದಾಟುವುದು ಹೇಗೆ?

ರೈಲು ಗೇಟು ದಾಟುವುದನ್ನೂ ಹೇಳಿಕೊಡಬೇಕಾ ಅಂತ ನಗಬೇಡಿ. ಬೆಳಿಗ್ಗೆ ಮಂಗಳೂರಿಗೆ ಹೋಗುವ ಲೋಕಲ್ ರೈಲಿನ ಹೊತ್ತಿಗೆ ಮಂಜೇಶ್ವರ, ಉಪ್ಪಳದ ಕಡೆಯ ಯಾವುದಾದರೂ ಗೇಟಿನ ಹತ್ತಿರ ಹತ್ತು ನಿಮಿಷ ನಿಂತು ನೋಡಿ, ಗೊತ್ತಾಗುತ್ತದೆ.

ಮೊದಲನೆಯದು: ಗೇಟು ಬೀಳಲು ಶುರುವಾದರೆ ನಿಲ್ಲಿ. ಸಿಗ್ನಲ್ಲಿಗೆ ಜೋಡಿಸಿದ ಗೇಟುಗಳಲ್ಲಿ ಗೇಟು ಪೂರ್ತಿ ಮುಚ್ಚದೆ ರೈಲಿಗೆ ಸಿಗ್ನಲ್ ಬೀಳುವುದಿಲ್ಲ. ಅದಕ್ಕೇ ಅಷ್ಟು ಬೇಗ ಹಾಕುವುದು. ಗೇಟ್‌ಮ್ಯಾನ್‌ಗೆ ಬೈದು ಏನೂ ಪ್ರಯೋಜನವಿಲ್ಲ. ಗೇಟು ಮುರಿದು ನುಗ್ಗಿದರೆ 1989ರ ರೈಲ್ವೆ ಕಾಯ್ದೆಯ 160ನೇ ಕಲಮಿನಡಿ 5 ವರ್ಷದವರೆಗೆ ಜೈಲು. ಇನ್ನು 'ರೈಲು ಈಗಷ್ಟೇ ಕುಂಬಳೆ ಬಿಟ್ಟಿದೆ' ಅಂತ ಮೊಬೈಲ್ ಆ್ಯಪ್ ನೋಡಿ ಗೇಟಿನಡಿ ಬಗ್ಗುವ ಜಾಣರಿದ್ದಾರೆ. ಗೂಡ್ಸ್ ರೈಲು, ಒಂಟಿ ಇಂಜಿನ್ನು ಆ ಆ್ಯಪ್‌ನಲ್ಲಿ ಕಾಣುವುದಿಲ್ಲ ಸ್ವಾಮಿ.

ಎರಡನೆಯದು: ಎಡಕ್ಕೇ ನಿಲ್ಲಿ. ಎಲ್ಲರೂ ಎಡವುವುದು ಇಲ್ಲೇ. ಬಲಬದಿ ಖಾಲಿ ಕಂಡರೆ ಸ್ಕೂಟರಿನವರಿಗೆ ಕೈ ತಡೆಯುವುದಿಲ್ಲ. ಒಬ್ಬ ಮುಂದೆ ಹೋಗಿ ನಿಂತ ಅಂದರೆ ಅವನ ಹಿಂದೆ ಆಟೋ, ಆಟೋದ ಹಿಂದೆ ಕಾರು. ಆಚೆ ಬದಿಯಲ್ಲೂ ಇದೇ ಕಥೆ. ಗೇಟು ಎದ್ದ ಕೂಡಲೇ ಎರಡು ದಂಡು ಮುಖಾಮುಖಿ, ಅದೂ ಹಳಿಯ ಮೇಲೆ! ಕಳೆದ ಮಳೆಗಾಲದಲ್ಲಿ ಒಂದು ಮೀನಿನ ಪಿಕಪ್ ಹೀಗೇ ಸಿಕ್ಕಿಹಾಕಿಕೊಂಡಿತು. ಹಿಂದಿನ ಚಕ್ರ ಹಳಿಯ ಮೇಲೆ, ಮುಂದೆ ಆಟೋ. ಡ್ರೈವರ್ ಸುಮ್ನೆ ಹಾರ್ನ್ ಒತ್ತುತ್ತಿದ್ದ. ಕೊನೆಗೆ ಗೇಟ್‌ಮ್ಯಾನ್ ಇಳಿದು ಬಂದು ಒಂದೊಂದೇ ಸ್ಕೂಟರನ್ನು ಹಿಂದಕ್ಕೆ ತಳ್ಳಿಸಿದರು. ಮಂಜುಗಡ್ಡೆ ಕರಗಿದ ನೀರು ಹಳಿಯ ಮೇಲೆ ತೊಟ್ಟಿಕ್ಕುತ್ತಲೇ ಇತ್ತು.

ಹಾಗಾಗಿ ಗೇಟು ಎದ್ದರೂ ಹೊರಡಬೇಡಿ. ಮುಂದಿನ ಗಾಡಿ ಆಚೆ ಗೇಟನ್ನೂ ದಾಟಬೇಕು. ಅದರ ಹಿಂದೆ ನಿಮ್ಮ ಗಾಡಿ ಹಿಡಿಯುವಷ್ಟು ಜಾಗ ಕಣ್ಣಿಗೆ ಕಾಣಬೇಕು. ಆಮೇಲೆ ಫಸ್ಟ್ ಗೇರ್. ನಡುವೆ ಗೇರ್ ಬದಲಿಸಲೇಬೇಡಿ. ಹಿಂದಿನವರು ಹಾರ್ನ್ ಹೊಡೆದರೆ ಹೊಡೆಯಲಿ. ಬೈಕಿನವರು ಹಳಿಗೆ ನೇರವಾಗಿ ದಾಟಿ. ಓರೆಯಾಗಿ ಹೋದರೆ ಹಳಿ ಪಕ್ಕದ ಸಂದಿಗೆ ಟೈರು ಜಾರುತ್ತದೆ. ಮಳೆಯಲ್ಲಿ ಹಳಿ ಸಾಬೂನಿನ ಹಾಗೆ, ಅದರ ಮೇಲೆ ಬ್ರೇಕ್ ಬೇಡ. ದೊಗಲೆ ಟೋಪಿಯ ಅಗ್ಗದ ರೈನ್‌ಕೋಟು ಕೊಳ್ಳಲೇಬೇಡಿ. ತಲೆ ತಿರುಗಿಸಿದರೂ ಟೋಪಿ ತಿರುಗುವುದಿಲ್ಲ, ಬದಿಯಿಂದ ಬರುವುದು ಕಾಣುವುದಿಲ್ಲ!

ನಡೆದು ಹೋಗುವವರೇ, ನಮ್ಮದು ಜೋಡಿ ಹಳಿ. ಒಂದು ರೈಲಿನ ಸದ್ದಿನಲ್ಲಿ ಇನ್ನೊಂದರ ಸದ್ದು ಕೇಳುವುದಿಲ್ಲ, ಮರೆಯಲ್ಲಿ ಅದು ಕಾಣುವುದೂ ಇಲ್ಲ. ಗಂಟೆಗೆ 100 ಕಿಲೋಮೀಟರ್ ಅಂದರೆ ಸೆಕೆಂಡಿಗೆ 28 ಮೀಟರ್. ಗೇಟು ಏಳುವವರೆಗೆ ಕಾಯಿರಿ, ಇಯರ್‌ಫೋನ್ ತೆಗೆಯಿರಿ. ಅಡಿಕೆ ಕೊಯ್ಯುವ ಕಾರ್ಬನ್ ಫೈಬರ್ ದೋಟಿ ಒಯ್ಯುವವರು ಅದನ್ನು ಮಡಚಿ ಅಡ್ಡ ಹಿಡಿಯಿರಿ. ಮೇಲಿನ ತಂತಿಯಲ್ಲಿ 25,000 ವೋಲ್ಟ್ ಇದೆ, ಕಾರ್ಬನ್ನಿನಲ್ಲೂ ಕರೆಂಟು ಹರಿಯುತ್ತದೆ.

ಗಾಡಿ ಹಳಿಯ ಮೇಲೆ ನಿಂತೇ ಹೋಯಿತಾ? ಕೀಲಿ ತಿರುಗಿಸುತ್ತಾ ಕೂರಬೇಡಿ. ಎಲ್ಲರನ್ನೂ ಇಳಿಸಿ ಹಳಿಯಿಂದ ದೂರ ಕಳಿಸಿ, ಗೇಟ್‌ಮ್ಯಾನ್‌ಗೆ ಕೂಗಿ. ಅವರ ಹತ್ತಿರ ಫೋನೂ ಇದೆ, ಕೆಂಪು ಬಾವುಟವೂ ಇದೆ. ರೈಲು ಕಂಡೇಬಿಟ್ಟರೆ ಹಳಿಯಿಂದ ಓರೆಯಾಗಿ, ರೈಲು ಬರುವ ದಿಕ್ಕಿನ ಕಡೆಗೇ ಓಡಿ. ಗುದ್ದಿದಾಗ ಚೂರುಗಳು ರೈಲು ಹೋಗುವ ದಿಕ್ಕಿಗೆ ಹಾರುತ್ತವೆ. ಸೀಟಿನಡಿಯ ಪರ್ಸು ಅಲ್ಲೇ ಇರಲಿ.