ಮಸ್ಟರಿಗೆ ಮೊದಲು ಒಂದು ಅಧ್ಯಾಯ

ನಾನು ವಿರಾಜಪೇಟೆ ಕಡೆಯ ಕಾಫಿ ತೋಟವೊಂದರಲ್ಲಿ ರೈಟರ್, ಅಂದರೆ ಹಾಜರಿ-ಲೆಕ್ಕ ಬರೆಯುವವನು. ಜಾಗದ ತಕರಾರಿಗೆ ಅಣ್ಣನ ಜೊತೆ ಒಂಬತ್ತು ವರ್ಷ ಮಾತು ಬಿಟ್ಟಿದ್ದವನು. ಮನಸ್ಸಿಗೆ ಬಿಡುಗಡೆ ಬೇಕೆನ್ನುವವರಿಗೆ ನನಗೆ ದಕ್ಕಿದ ದಾರಿ ಹೇಳುತ್ತೇನೆ.

ಬೈಬಲಿನಲ್ಲಿರುವ ಮಾರ್ಕನ ಶುಭಸಂದೇಶದಿಂದ ಓದಲು ಶುರು ಮಾಡಿ. ಇರುವುದೇ 16 ಅಧ್ಯಾಯ, ದಿನಕ್ಕೊಂದು ಸಾಕು. ಬೆಳಿಗ್ಗೆ ಮಸ್ಟರಿಗೆ (ಆಳುಗಳ ಹಾಜರಿಗೆ) ಮೊದಲು, ಬೆಲ್ಲದ ಕಾಫಿ ಆರುವುದರೊಳಗೆ ಮುಗಿಯುತ್ತದೆ. ಆಸೆಗೆ ಬಿದ್ದು ನಾಲ್ಕು ಅಧ್ಯಾಯ ನುಂಗಿದರೆ ಒಂದೂ ಜೀರ್ಣವಾಗದು.

11ನೇ ಅಧ್ಯಾಯದಲ್ಲಿ ನನ್ನ ಗಾಡಿ ನಿಂತಿತು. ಪ್ರಾರ್ಥನೆಗೆ ನಿಂತಾಗ ಯಾರ ಮೇಲಾದರೂ ಮನಸ್ತಾಪವಿದ್ದರೆ ಕ್ಷಮಿಸಿ ಎನ್ನುತ್ತಾನೆ ಯೇಸು. ಅಲ್ಲಿಗೆ ಬಂದಾಗ ಹೆಸರುಗಳನ್ನು ಬರೆಯಿರಿ. ಹಳೇ ಚೆಕ್‌ರೋಲಿನ (ಹಾಜರಿ ಪಟ್ಟಿಯ) ಹಿಂದೆ ನಾನು ಏಳು ಹೆಸರು ಬರೆದೆ. ಮೊದಲನೆಯದು ಯಾರದೆಂದು ಹೇಳಬೇಕಿಲ್ಲ. ಆ ಚೀಟಿ ಜೇಬಲ್ಲಿಟ್ಟುಕೊಂಡೇ ವಿರಾಜಪೇಟೆಯ ಸಂತ ಅನ್ನಮ್ಮನವರ ಚರ್ಚಿಗೆ ಪಾಪನಿವೇದನೆಗೆ ಹೋದೆ. 1792ರಲ್ಲಿ, ಟಿಪ್ಪುವಿನ ಸೆರೆ ತಪ್ಪಿಸಿಕೊಂಡು ಬಂದ ಕ್ರೈಸ್ತರಿಗೆ ಕೊಡಗಿನ ರಾಜ ದೊಡ್ಡವೀರರಾಜೇಂದ್ರ ನೆಲೆ ಕೊಟ್ಟ ಕಾಲದಲ್ಲಿ ಶುರುವಾದ ಚರ್ಚು ಅದು. ಬಿಡುಗಡೆ ಕೇಳಲು ಸರಿಯಾದ ಜಾಗ ಅಂತ ನನಗನ್ನಿಸುತ್ತದೆ.

ಕ್ಷಮಿಸಿದ ಕೂಡಲೇ ಎದುರಿನವರು ಕರಗುತ್ತಾರೆಂದು ಕಾಯಬೇಡಿ. ಅಣ್ಣ ಮೊದಲ ಸಲ ಫೋನ್ ಕಟ್ ಮಾಡಿದ. ಆದರೂ ಆ ರಾತ್ರಿ ನಿದ್ದೆ ಬಂತು.

ಇನ್ನು ಬದುಕಿನ ಗುರಿ. ಅದಕ್ಕೆ 10ನೇ ಅಧ್ಯಾಯಕ್ಕೆ ಹಿಂತಿರುಗಿ: ಸೇವೆ ಮಾಡಿಸಿಕೊಳ್ಳಲು ಅಲ್ಲ, ಮಾಡಲು ಬಂದೆ ಎನ್ನುವ ಯೇಸುವಿನ ಮಾತಿದೆ. ದೂರ ಹುಡುಕಬೇಡಿ, ಕೈಗೆಟಕುವ ಒಂದೇ ಕೆಲಸ ಹಿಡಿಯಿರಿ. ನನ್ನದು ಲೈನ್‌ಮನೆ (ತೋಟದ ಆಳುಗಳ ಸಾಲುಮನೆ) ಮಕ್ಕಳಿಗೆ ಭಾನುವಾರ ಮಧ್ಯಾಹ್ನ ಮಗ್ಗಿ ಹೇಳಿಕೊಡುವುದು. ಕಾಫಿ ಕುಯ್ಲಿನ ಕಾಲದಲ್ಲಿ ಮಾತ್ರ ಅರ್ಧ ಮಕ್ಕಳು ಬರುವುದಿಲ್ಲ.